ಬಿ.ಎಸ್ಸಿ ಭೂವಿಜ್ಞಾನಕ್ಕೆ ವಿದ್ಯಾರ್ಥಿಗಳನ್ನು ಕರೆತರುವುದು ಹೇಗೆ: ವಿಭಾಗಗಳಿಗೆ ಒಂದು ವರ್ಷದ ಕೆಲಸ

ಪದವಿ ಪ್ರವೇಶದ ಕೌಂಟರ್ ಬಳಿ ಅರ್ಧ ದಿನ ನಿಂತರೆ ಸಾಕು, ಭೂವಿಜ್ಞಾನದ ಬೆಂಚುಗಳು ಯಾಕೆ ಖಾಲಿ ಉಳಿಯುತ್ತವೆ ಅನ್ನುವುದು ಗೊತ್ತಾಗುತ್ತದೆ. 'ಜಿಯಾಲಜಿ' ಅಂದರೆ ಕೆಲವರ ಕಿವಿಗೆ 'ಜುವಾಲಜಿ' ಅಂತ ಬೀಳುತ್ತದೆ, ಇನ್ನು ಕೆಲವರು ಜಿಯಾಗ್ರಫಿ ಅಂದುಕೊಳ್ಳುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಎರಡು ವರ್ಷ ಓದಿ ಬಂದ ಹುಡುಗಿಗೆ ಅವು ಇಷ್ಟವೋ ಕಷ್ಟವೋ, ಗುರುತಂತೂ ಇರುತ್ತದೆ. ಭೂವಿಜ್ಞಾನದ ಗುರುತು ಅಂದರೆ ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಬಾಯಿಪಾಠ ಮಾಡಿದ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ, ಅಷ್ಟೇ. ಪಿಯುಸಿಯ ವಿಷಯ ಪಟ್ಟಿಯಲ್ಲಿ ಭೂವಿಜ್ಞಾನ ಇದೆ, ಆದರೆ ಅದನ್ನು ಕಲಿಸುವ ಕಾಲೇಜು ಸಿಗುವುದು ತೀರಾ ಅಪರೂಪ.

ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಮೊದಲ ವರ್ಷ ನಾಲ್ಕಾರು ವಿಷಯಗಳ ಪರಿಚಯ ತರಗತಿಗಳಲ್ಲಿ ಕೂತು ಆಮೇಲೆ ಮುಖ್ಯ ವಿಷಯವನ್ನು ಆರಿಸಿಕೊಳ್ಳುತ್ತಾನೆ. ಅಲ್ಲಿಯ ಭೂವಿಜ್ಞಾನ ವಿಭಾಗಗಳಿಗೆ ಆ ಪರಿಚಯ ತರಗತಿಯೇ ದೊಡ್ಡ ಬಾಗಿಲು. ನಮ್ಮಲ್ಲಿ ಅರ್ಜಿ ತುಂಬುವ ದಿನವೇ ಮೂರು ವಿಷಯಗಳ ಸಂಯೋಜನೆ ನಿಗದಿಯಾಗಿಬಿಡುತ್ತದೆ. ಆದ್ದರಿಂದ ನಮ್ಮ ಕೆಲಸವೆಲ್ಲ ಅರ್ಜಿಗಿಂತ ಮುಂಚೆಯೇ ಆಗಬೇಕು, ಅದೂ ನಮ್ಮ ಆವರಣದ ಹೊರಗೆ, ಪಿಯು ಕಾಲೇಜುಗಳಲ್ಲಿ ಮತ್ತು ಮನೆಗಳಲ್ಲಿ. ಮೇ ತಿಂಗಳಲ್ಲಿ ಬ್ಯಾನರ್ ಕಟ್ಟಿದರೆ ಬ್ಯಾನರ್ ಖರ್ಚು ಮಾತ್ರ ಉಳಿಯುತ್ತದೆ.

ಮೊದಲು ಸಂಯೋಜನೆ ನೋಡಿಕೊಳ್ಳಿ

ಊರೂರು ತಿರುಗುವ ಮುಂಚೆ ನಿಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ಯಾವ ವಿಷಯಗಳ ಜೊತೆ ಸಿಗುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ, ಮೂರು ವಿಷಯಗಳಿಗೂ ಹೆಚ್ಚುಕಡಿಮೆ ಸಮಾನ ತೂಕ. ಹಾಗಾಗಿ ಜೊತೆಯ ಎರಡು ವಿಷಯಗಳು ಯಾವುವು ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ. ಪಿಸಿಎಂಬಿ ಓದಿದವರಿಗೆ ರಸಾಯನಶಾಸ್ತ್ರ-ಸಸ್ಯಶಾಸ್ತ್ರ-ಭೂವಿಜ್ಞಾನ ಅಥವಾ ರಸಾಯನಶಾಸ್ತ್ರ-ಪ್ರಾಣಿಶಾಸ್ತ್ರ-ಭೂವಿಜ್ಞಾನ ಹಿಡಿಸುತ್ತದೆ. ಪಿಸಿಎಂಸಿಯವರು ಭೌತಶಾಸ್ತ್ರ-ಗಣಿತ-ಭೂವಿಜ್ಞಾನ ಕೇಳುತ್ತಾರೆ, ಮುಂದೆ ಭೂಭೌತಶಾಸ್ತ್ರಕ್ಕೆ ಹೋಗಬೇಕೆಂದರೆ ಇದೇ ಸರಿಯಾದ ದಾರಿ. ಒಂದೇ ಸಂಯೋಜನೆ ಇಟ್ಟುಕೊಂಡರೆ ಉಳಿದ ಗುಂಪಿನ ಮಕ್ಕಳನ್ನು ನೀವಾಗಿಯೇ ಕಳೆದುಕೊಂಡ ಹಾಗೆ. ಎರಡನೆಯದು ಬೇಕೆಂದು ಪ್ರಾಂಶುಪಾಲರನ್ನು ಕೇಳುವಾಗ ವೇಳಾಪಟ್ಟಿಯ ಕರಡನ್ನು ಜೊತೆಗೇ ಒಯ್ಯಿರಿ, ಪ್ರಾಯೋಗಿಕ ತರಗತಿಗಳು ಒಂದರ ಮೇಲೊಂದು ಬೀಳುತ್ತವೆ ಅನ್ನುವ ತಕರಾರೇ ಮೊದಲು ಬರುವುದು.

ಇನ್ನೊಂದು ಸಣ್ಣ ಕೆಲಸ, ಆದರೆ ಇದು ತಪ್ಪಿದರೆ ವರ್ಷದ ಶ್ರಮವೆಲ್ಲ ನೀರಿಗೆ ಹೋಗುತ್ತದೆ. ಪದವಿ ಪ್ರವೇಶದ ಅರ್ಜಿ ಹಾಕುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಪ್ರವೇಶ ಶುರುವಾದ ದಿನವೇ ವಿದ್ಯಾರ್ಥಿಯ ಹಾಗೆ ಒಳಹೊಕ್ಕು, ನಿಮ್ಮ ಕಾಲೇಜಿನ ಹೆಸರಿನ ಕೆಳಗೆ ಭೂವಿಜ್ಞಾನದ ಸಂಯೋಜನೆ ಕಾಣಿಸುತ್ತಿದೆಯೇ ಎಂದು ನೋಡಿ. ಪಟ್ಟಿಯಲ್ಲೇ ಇಲ್ಲದ ವಿಷಯವನ್ನು ಯಾವ ಮಗುವೂ ಆರಿಸಲಾರದು, ಸೈಬರ್ ಸೆಂಟರಿನವನೂ ಹುಡುಕಿ ಕೊಡುವುದಿಲ್ಲ.

ಪಿಯು ಕಾಲೇಜುಗಳಿಗೆ ಯಾವಾಗ, ಯಾರ ಹತ್ತಿರ

ಆಗಸ್ಟ್‌ನಲ್ಲಿ ಪಟ್ಟಿ ಮಾಡಿ: ಬಸ್ಸಿನಲ್ಲಿ ಒಂದು ಗಂಟೆಯೊಳಗೆ ನಿಮ್ಮ ಕಾಲೇಜಿಗೆ ಬರಬಹುದಾದ ಊರುಗಳ ವಿಜ್ಞಾನ ಪಿಯು ಕಾಲೇಜುಗಳು ಮಾತ್ರ. ಇಪ್ಪತ್ತು ಹೆಸರು ಸಿಕ್ಕರೆ ಎಂಟನ್ನು ಆರಿಸಿಕೊಳ್ಳಿ. ಎಂಟು ಕಾಲೇಜಿಗೆ ಎರಡೆರಡು ಸಲ ಹೋಗುವುದು ಇಪ್ಪತ್ತಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಮೇಲು, ಯಾಕೆಂದರೆ ಮಕ್ಕಳು ಎರಡನೇ ಸಲ ಕಂಡವರನ್ನೇ ಪ್ರಶ್ನೆ ಕೇಳುವುದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ ಮೊದಲ ಜಾಗ ಕೊಡಿ. ಸಿಇಟಿ, ನೀಟ್ ತರಬೇತಿಯನ್ನೇ ನಂಬಿ ನಡೆಯುವ ಕಾಲೇಜುಗಳಲ್ಲಿ ನಿಮಗೆ ಒಂದು ಪೀರಿಯಡ್ಡೂ ಸಿಗಲಿಕ್ಕಿಲ್ಲ.

ಭೇಟಿಗೆ ಒಳ್ಳೆಯ ಕಾಲ ನವೆಂಬರ್ ಮತ್ತು ಡಿಸೆಂಬರ್‌ನ ಮೊದಲ ಭಾಗ. ಜನವರಿ ಬಂತೆಂದರೆ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಗಳ ಗಡಿಬಿಡಿ. ಅನುಮತಿಯ ಪತ್ರ ಪ್ರಾಂಶುಪಾಲರಿಗೆ ಬರೆಯಬೇಕು, ನಿಜ. ಆದರೆ ನಿಮ್ಮ ಕೆಲಸವನ್ನು ಮುಂದೆ ನಡೆಸಿಕೊಡುವವರು ರಸಾಯನಶಾಸ್ತ್ರದ ಮೇಡಂ, ಭೌತಶಾಸ್ತ್ರದ ಸರ್. "ಸರ್, ಇಂಜಿನಿಯರಿಂಗ್ ಬೇಡ, ಬಿ.ಎಸ್ಸಿಗೆ ಏನು ತಗೊಳ್ಳಲಿ?" ಎಂದು ಏಪ್ರಿಲ್‌ನಲ್ಲಿ ಮಗು ಫೋನ್ ಮಾಡುವುದು ಅವರಿಗೆ. ಅವರ ಜೊತೆ ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುವಷ್ಟು ಸಮಯ ಇಟ್ಟುಕೊಂಡೇ ಹೋಗಿ. ಕಲ್ಲಿನ ಮಾದರಿಗಳ ಒಂದು ಪೆಟ್ಟಿಗೆಯನ್ನು ಅವರ ಪ್ರಯೋಗಾಲಯಕ್ಕೆ ಕೊಟ್ಟು ಬನ್ನಿ. ಅದು ಕಪಾಟಿನಲ್ಲಿ ಇರುವಷ್ಟು ದಿನ ನಿಮ್ಮ ವಿಭಾಗದ ಹೆಸರೂ ಅಲ್ಲಿ ಇರುತ್ತದೆ.

ಆ ನಲವತ್ತೈದು ನಿಮಿಷ

ಈ ಒಂದು ಪೀರಿಯಡ್ಡೇ ಇಡೀ ವರ್ಷದ ಕೆಲಸದ ಹೃದಯ, ಇದಕ್ಕೆ ಎಷ್ಟು ತಯಾರಿ ಮಾಡಿದರೂ ಹೆಚ್ಚಲ್ಲ. ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಪ್ರೊಜೆಕ್ಟರ್ ಹಾಕಿ, 'ಭೂವಿಜ್ಞಾನ ಎಂದರೇನು' ಎಂಬ ವ್ಯಾಖ್ಯೆಯಿಂದ ಶುರುಮಾಡಿ, ವಿಭಾಗದ ಇತಿಹಾಸ ಹೇಳಿ, ಉದ್ಯೋಗಗಳ ಪಟ್ಟಿ ಓದಿ ಮುಗಿಸುವುದು. ಮಕ್ಕಳ ಕೈಗೆ ಏನೂ ಸಿಕ್ಕಿರುವುದಿಲ್ಲ. ಪ್ರೊಜೆಕ್ಟರ್ ಬೇಡವೇ ಬೇಡ. ಕಲ್ಲು ಒಯ್ಯಿರಿ.

ಅರವತ್ತು ಮಕ್ಕಳ ತರಗತಿಗೆ ಹತ್ತತ್ತರ ಆರು ಗುಂಪು, ಆರು ಪೆಟ್ಟಿಗೆ. ಮ್ಯೂಸಿಯಂ ಅಳತೆಯ ಮಾದರಿಗಳನ್ನು ಹೊರಲು ಹೋಗಬೇಡಿ. 8 ಸೆಂ.ಮೀ. ಉದ್ದ, 6 ಅಗಲ, 4 ದಪ್ಪದ ಒಂದೊಂದು ಕಲ್ಲೂ ಅರ್ಧ ಕೆ.ಜಿ. ತೂಗುತ್ತದೆ, ಕಬ್ಬಿಣದ ಅದಿರಾದರೆ ಸುಮಾರು ಒಂದು ಕೆ.ಜಿ. 5-4-3 ಸೆಂ.ಮೀ. ತುಂಡುಗಳಾದರೆ ಏಳು ಕಲ್ಲಿನ ಪೆಟ್ಟಿಗೆ ಒಂದೂವರೆ ಕೆ.ಜಿ.ಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರೂ ಪೆಟ್ಟಿಗೆ ಸ್ಕೂಟರಿನ ಮೇಲೆ ಹೋಗುತ್ತವೆ. ಪೆಟ್ಟಿಗೆಯಲ್ಲಿ ಸಂಡೂರು ಕಡೆಯ ಹೆಮಟೈಟ್, ಪಟ್ಟೆಪಟ್ಟೆಯ ಮ್ಯಾಗ್ನೆಟೈಟ್ (ಎರಡೂ ಕಬ್ಬಿಣದ ಅದಿರು), ಬಿಳಿಯ ಬೆಣಚುಕಲ್ಲು, ಬಳಪದ ಕಲ್ಲು, ಶಹಾಬಾದ್ ಕಲ್ಲಿನ (ನೆಲಕ್ಕೆ ಹಾಸುವ ಸುಣ್ಣಕಲ್ಲು) ಚೂರು, ಕಾಗೆ ಬಂಗಾರ, ನಿಮ್ಮ ಊರಿನ ನೈಸ್ (ಪಟ್ಟೆಗಳಿರುವ ಗಟ್ಟಿ ರೂಪಾಂತರ ಶಿಲೆ). ಇವುಗಳ ಜೊತೆಗೆ ಒಂದು ಅಯಸ್ಕಾಂತ, ಕಬ್ಬಿಣದ ಮೊಳೆ, ಗಾಜಿನ ಬಾಟಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಬಚ್ಚಲುಮನೆಯ ಟೈಲ್ಸಿನ ಒಂದು ತುಂಡು. ಹೊಳೆನರಸೀಪುರ ಕಡೆಯ ಕಲ್ನಾರು ಎಷ್ಟೇ ಚೆಂದ ಕಂಡರೂ ಪೆಟ್ಟಿಗೆಗೆ ಹಾಕಬೇಡಿ, ಅದರ ಎಳೆ ಉಸಿರಿಗೆ ಹೋಗಬಾರದು.

ಶುರು ಹೆಮಟೈಟ್‌ನಿಂದಲೇ ಆಗಲಿ. "ಈ ಕಲ್ಲಿನ ಬಣ್ಣ ಏನು?" ಎಂದು ಕೇಳಿ. ಕಪ್ಪು, ಬೂದು, ಸ್ಟೀಲ್ ಎಂದು ಉತ್ತರ ಬರುತ್ತದೆ. ಟೈಲ್ಸನ್ನು ಬೋರಲು ಮಾಡಿ, ಮೆರುಗಿಲ್ಲದ ಹಿಂಬದಿಯ ಮೇಲೆ ಕಲ್ಲನ್ನು ಒತ್ತಿ ಎಳೆಯಲು ಹೇಳಿ. ಕರಿಗಲ್ಲು ಎಳೆದ ಗೆರೆ ಕೆಂಪಗೆ, ಕೆಮ್ಮಣ್ಣಿನ ಬಣ್ಣದಲ್ಲಿ ಮೂಡುತ್ತದೆ. ತರಗತಿಯ ಗಲಾಟೆ ಒಂದು ಕ್ಷಣ ನಿಲ್ಲುವುದು ಅಲ್ಲಿಯೇ. ಆಗ ಹೇಳಿ: ಕಲ್ಲಿನ ಮೈಬಣ್ಣ ಮೋಸ ಮಾಡಬಹುದು, ಪುಡಿಯ ಬಣ್ಣ ಅಷ್ಟು ಸುಲಭಕ್ಕೆ ಮಾಡುವುದಿಲ್ಲ. ನಮ್ಮ ಕೆಮ್ಮಣ್ಣಿಗೆ ಕೆಂಪು ಬಂದದ್ದೂ ಇದೇ ಕಬ್ಬಿಣದ ಆಕ್ಸೈಡಿನಿಂದ. ಅದನ್ನು ಬೆಣಚುಕಲ್ಲಿನ ಜೊತೆ ಎರಡು ಅಂಗೈಯಲ್ಲಿ ಇಟ್ಟು ತೂಗಿ ನೋಡಲಿ, ಒಂದೇ ಗಾತ್ರಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಮ್ಯಾಗ್ನೆಟೈಟ್‌ಗೆ ಅಯಸ್ಕಾಂತ ಅಂಟುತ್ತದೆ, ಹೆಮಟೈಟ್‌ಗೆ ಅಂಟುವುದಿಲ್ಲ. ಇಲ್ಲೊಂದು ಎಚ್ಚರ: ಕೆಲವು ಹೆಮಟೈಟ್ ತುಂಡುಗಳಲ್ಲಿ ಮ್ಯಾಗ್ನೆಟೈಟ್ ಬೆರೆತಿರುತ್ತದೆ, ಅಯಸ್ಕಾಂತ ಸ್ವಲ್ಪ ಎಳೆಯುತ್ತದೆ. ಪೆಟ್ಟಿಗೆಗೆ ಹಾಕುವ ಮುಂಚೆ ಪ್ರತಿ ತುಂಡನ್ನೂ ನೀವೇ ಪರೀಕ್ಷಿಸಿ, ಇಲ್ಲದಿದ್ದರೆ ಮಕ್ಕಳ ಮುಂದೆ ಉತ್ತರ ತಡವರಿಸುತ್ತದೆ. ಬೆರಳಿಗೆ ಹತ್ತಿದ ಕೆಂಪು ಯೂನಿಫಾರ್ಮಿಗೆ ಹತ್ತದಂತೆ ಹಳೆಯ ಬಟ್ಟೆಯ ತುಂಡುಗಳನ್ನೂ ಒಯ್ಯಿರಿ.

ಆಮೇಲೆ ಮೊಳೆಯಿಂದ ಬಳಪದ ಕಲ್ಲನ್ನು ಗೀಚುವುದು, ಬೆಣಚುಕಲ್ಲಿನಿಂದ ಬಾಟಲಿಯ ತಳ ಗೀಚುವುದು. ಶಹಾಬಾದ್ ಕಲ್ಲಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ನೀವೇ ಬಿಡಿ, ಅದು ಬುಸುಗುಟ್ಟಿ ನೊರೆ ಬರುತ್ತದೆ. ಆಮ್ಲವನ್ನು ನಿಮ್ಮ ಪ್ರಯೋಗಾಲಯದಲ್ಲೇ, ಒಂಬತ್ತು ಭಾಗ ನೀರಿಗೆ ಒಂದು ಭಾಗ ಆಮ್ಲ ನಿಧಾನಕ್ಕೆ ಸೇರಿಸಿ ತಯಾರಿಸಿ. ಆಮ್ಲಕ್ಕೆ ನೀರು ಸುರಿಯುವ ತಪ್ಪು ಮಾಡಬಾರದು. 30 ಮಿ.ಲೀ. ಹನಿಬಾಟಲಿ ಎರಡು ತರಗತಿಗೆ ಧಾರಾಳ. ಕಲ್ಲಿನ ತುಂಡು ಸುಣ್ಣಕಲ್ಲಿನ ಹಾಗೇ ಕಾಣುವ ಡಾಲಮೈಟ್ ಆಗಿದ್ದರೆ ನೊರೆ ಬರುವುದಿಲ್ಲ, ಮೊಳೆಯಿಂದ ಕೆರೆದು ಪುಡಿಯ ಮೇಲೆ ಹನಿ ಬಿಟ್ಟರೆ ಸಣ್ಣಗೆ ಬರುತ್ತದೆ. "ಈ ಕಲ್ಲು ನಿಮ್ಮ ಮನೆಯ ನೆಲದಲ್ಲೇ ಇದೆ, ನಿಂಬೆರಸ ಚೆಲ್ಲಿದರೆ ಹೊಳಪು ಯಾಕೆ ಹೋಗುತ್ತದೆ ಈಗ ಗೊತ್ತಾಯಿತಲ್ಲ?" ಎಂದರೆ ರಸಾಯನಶಾಸ್ತ್ರದ ಪಾಠವೂ ಆಯಿತು.

ಕೊನೆಯ ಹದಿನೈದು ನಿಮಿಷ ಬೋರ್‌ವೆಲ್‌ಗೆ. "ನಿಮ್ಮ ಹೊಲದಲ್ಲಿ ಎಷ್ಟು ಅಡಿಗೆ ನೀರು ಬಿತ್ತು? ಪಕ್ಕದವರದ್ದು?" ಎಂದು ಕೇಳಿದರೆ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ನೂರು ಅಡಿ ದೂರದ ಎರಡು ಬೋರುಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಬರೀ ದೂಳು, ಯಾಕೆ? ನಮ್ಮ ನೈಸ್, ಗ್ರಾನೈಟ್‌ಗಳ ಒಳಗೆ ನೀರು ನಿಲ್ಲುವುದು ಮೇಲಿನ ಕೊಳೆತ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಬಿರುಕಿನಿಂದ ನಾಲ್ಕು ಅಡಿ ಆಚೆ ಕೊರೆದರೂ ಗಟ್ಟಿ ಬಂಡೆಯೇ ಸಿಗುತ್ತದೆ. ನಾಲ್ಕು ಸಲಾಕೆ ನೆಟ್ಟು, ನೆಲಕ್ಕೆ ವಿದ್ಯುತ್ ಹರಿಸಿ, ಎಲ್ಲಿ ರೋಧ ಕಡಿಮೆ ಎಂದು ಅಳೆಯುವ ಬಗೆಯನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ. ಓಮ್‌ನ ನಿಯಮ ಅವರಿಗೆ ಬರುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರ ಮಾತು ಬಂದೇ ಬರುತ್ತದೆ, ನಗಬೇಡಿ. ಆ ತರಗತಿಯ ಯಾರದೋ ದೊಡ್ಡಪ್ಪ ಅದನ್ನೇ ಮಾಡುತ್ತಿರಬಹುದು. ಅಳೆದು ನೋಡುವ ವಿಧಾನ ಯಾಕೆ ಬೇಕು ಅನ್ನುವುದನ್ನಷ್ಟೇ ಹೇಳಿ.

ಮಾತೆಲ್ಲ ಕನ್ನಡದಲ್ಲಿರಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನವೇ ಇದ್ದರೂ ಪರವಾಗಿಲ್ಲ. ಕೊನೆಗೆ ಆಸಕ್ತರ ಹೆಸರು, ಊರು ಬರೆಸಿಕೊಳ್ಳಿ. ಫೋನ್ ನಂಬರನ್ನು ಪೋಷಕರ ಒಪ್ಪಿಗೆ ಕೇಳಿಯೇ ತೆಗೆದುಕೊಳ್ಳಿ.

ಒಂದು ದಿನದ ಹೊರಸಂಚಾರ

ಹೆಸರು ಕೊಟ್ಟವರಲ್ಲಿ ಮೂವತ್ತು ಜನರನ್ನು ಡಿಸೆಂಬರ್‌ನ ಒಂದು ಶನಿವಾರ ಹೊರಗೆ ಕರೆದುಕೊಂಡು ಹೋಗಿ. ದೂರ ಬೇಡ. ಬೆಂಗಳೂರಿನವರಿಗೆ ಲಾಲ್‌ಬಾಗ್‌ನ ಬಂಡೆಯೇ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್. ಚಿತ್ರದುರ್ಗದ ಸುತ್ತಿನವರಿಗೆ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ. ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳಂತೆ ಹೆಪ್ಪುಗಟ್ಟಿದಾಗ ಮೇಲ್ಭಾಗ ಉಬ್ಬಿರುತ್ತದೆ, ತಳಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಆ ಚೂಪನ್ನು ನೋಡಿ 'ಆಗ ಯಾವ ಕಡೆ ಮೇಲಿತ್ತು' ಎಂದು ಮಕ್ಕಳೇ ಹೇಳುವಂತೆ ಮಾಡಿ, ಉತ್ತರವನ್ನು ನೀವು ಹೇಳಿಬಿಡಬೇಡಿ. ಬಾದಾಮಿ ಕಡೆಯವರಿಗೆ ಮರಳುಗಲ್ಲಿನ ಮೇಲೆ ಅಲೆಯ ಗುರುತುಗಳು. ಉಡುಪಿಯವರಿಗೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇವೆ, ಆದರೆ ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ. ಸ್ಮಾರಕಗಳ ಮೇಲೆ ಸುತ್ತಿಗೆ ಎತ್ತುವಂತಿಲ್ಲ, ಸುತ್ತಿಗೆಗಳನ್ನು ಬಸ್ಸಿನಲ್ಲೇ ಬಿಡಿ.

ಹದಿನೈದು ಮಕ್ಕಳಿಗೆ ಒಬ್ಬರು ಅಧ್ಯಾಪಕರು, ಅವರಲ್ಲಿ ಒಬ್ಬರಾದರೂ ಮಹಿಳೆ. ಶೌಚಾಲಯ ಎಲ್ಲೆಲ್ಲಿ ಇದೆ ಎಂದು ಹಿಂದಿನ ವಾರವೇ ಹೋಗಿ ನೋಡಿ, ವೇಳಾಪಟ್ಟಿಯಲ್ಲಿ ಬರೆಯಿರಿ. ಹೆಣ್ಣುಮಕ್ಕಳು 'ಫೀಲ್ಡ್' ಎಂದರೆ ಹಿಂಜರಿಯಲು ದೊಡ್ಡ ಕಾರಣ ಬಿಸಿಲೂ ಅಲ್ಲ, ಬೆಟ್ಟವೂ ಅಲ್ಲ, ಇದು. ಸಂಜೆ ಆರರೊಳಗೆ ಎಲ್ಲರೂ ಮನೆ ಸೇರಬೇಕು. ನಡೆಯಲು ಕಷ್ಟವಿರುವ ಮಗು ಇದ್ದರೆ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲೇ ಪಾಠ ಇಟ್ಟುಕೊಳ್ಳಿ, ಅಲ್ಲಿಯೂ ಕಲ್ಲು ಚೆನ್ನಾಗಿಯೇ ಕಾಣುತ್ತದೆ.

"ಓದಿ ಏನ್ ಮಾಡ್ತಾಳೆ?"

ಅಪ್ಪ ಅಮ್ಮ ಕೇಳುವ ಈ ಪ್ರಶ್ನೆಗೆ ಜಾಹೀರಾತಿನ ಉತ್ತರ ಕೊಟ್ಟರೆ ಒಂದು ವರ್ಷ ಸೀಟು ತುಂಬಬಹುದು, ಮರುವರ್ಷ ಅದೇ ಊರಿನಿಂದ ಯಾರೂ ಬರುವುದಿಲ್ಲ. ನೇರವಾಗಿ ಹೇಳಿ: ಭೂವಿಜ್ಞಾನಿ ಎಂಬ ಹುದ್ದೆಗೆ ಬಿ.ಎಸ್ಸಿ ಒಂದೇ ಸಾಲದು, ಎಂ.ಎಸ್ಸಿ ಬೇಕು. ಒಟ್ಟು ಐದು ವರ್ಷದ ಲೆಕ್ಕ. ಹದಿನೆಂಟಕ್ಕೆ ಪಿಯುಸಿ ಮುಗಿಸಿದವಳಿಗೆ ಎಂ.ಎಸ್ಸಿ ಮುಗಿಯುವಾಗ ಇಪ್ಪತ್ತಮೂರು.

ಅಲ್ಲಿಂದ ಮುಂದಿನ ದಾರಿಗಳು ಸ್ಪಷ್ಟವಾಗಿವೆ. ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಯಲ್ಲಿ ಗೆದ್ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಗ್ರೂಪ್ ಎ ಭೂವಿಜ್ಞಾನಿ, ಅಥವಾ ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ವಿಜ್ಞಾನಿ. ಪೂರ್ವಭಾವಿ 400 ಅಂಕ, ಮುಖ್ಯ ಪರೀಕ್ಷೆ 600, ಸಂದರ್ಶನ 200. ಸಾಮಾನ್ಯ ವಯೋಮಿತಿ 21ರಿಂದ 32, ಮೀಸಲಾತಿಗೆ ಅನುಗುಣವಾಗಿ ಸಡಿಲಿಕೆ ಉಂಟು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಒಎನ್‌ಜಿಸಿ, ಹಟ್ಟಿ ಚಿನ್ನದ ಗಣಿ, ಸಂಡೂರಿನ ಕಬ್ಬಿಣದ ಗಣಿಗಳು, ಅಣು ಖನಿಜ ನಿರ್ದೇಶನಾಲಯ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ), ಗೋವಾದ ಸಾಗರವಿಜ್ಞಾನ ಸಂಸ್ಥೆ, ಇವೂ ಇವೆ. ಮಂಡ್ಯದ ಮರಳಗಾಲದ ಬಳಿ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದ್ದು ಅಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಎಂದರೆ ಮೊಬೈಲ್ ಹಿಡಿದ ಮಕ್ಕಳಿಗೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಎಂ.ಎಸ್ಸಿಗೆ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು ವಿಶ್ವವಿದ್ಯಾಲಯಗಳಿವೆ, ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳೂ ಇವೆ. ಬಿ.ಎಸ್ಸಿಗೇ ನಿಲ್ಲಿಸುವವರಿಗೆ ಕ್ವಾರಿ, ಕೊರೆತ ಕಂಪನಿ, ಜಿಐಎಸ್ ನಕ್ಷೆಯ ಕೆಲಸಗಳು ಸಿಗುತ್ತವೆ, ಸಂಬಳ ಕಡಿಮೆಯಿಂದಲೇ ಶುರು. ಇದನ್ನೂ ಮುಚ್ಚಿಡಬೇಡಿ.

ಕೊಡಗಿನ 2018ರ ಭೂಕುಸಿತ, ಅಂಕೋಲಾದ ಶಿರೂರಿನಲ್ಲಿ 2024ರ ಜುಲೈನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು ಎಲ್ಲರಿಗೂ ನೆನಪಿದೆ. ಗುಡ್ಡದ ಇಳಿಜಾರನ್ನು ಓದಬಲ್ಲವರು ನಮ್ಮ ಜಿಲ್ಲೆಗಳಿಗೆ ಬೇಕಾಗಿದ್ದಾರೆ ಎಂದು ಹೇಳಲು ಸಂಕೋಚ ಬೇಡ, ಆದರೆ ಜನ ಸತ್ತ ಜಾಗದ ಫೋಟೋವನ್ನು ಕರಪತ್ರಕ್ಕೆ ಹಾಕಬೇಡಿ.

"ಹುಡುಗಿ ಗಣಿಗೆ ಇಳಿಯೋಕಾಗುತ್ತಾ?" ಎಂಬ ಮಾತೂ ಬರುತ್ತದೆ. ನೆಲದಡಿಯ ಗಣಿಯಲ್ಲಿ ಮಹಿಳೆಯರು ದುಡಿಯಬಾರದೆಂಬ ನಿರ್ಬಂಧವನ್ನು ಕೇಂದ್ರ ಸರ್ಕಾರ 2019ರಲ್ಲಿ ಷರತ್ತುಗಳೊಂದಿಗೆ ಸಡಿಲಿಸಿದೆ. ಅದಕ್ಕೂ ಮುಂಚಿನಿಂದ ಸರ್ವೇಕ್ಷಣೆ, ಅಂತರ್ಜಲ, ಪ್ರಯೋಗಾಲಯಗಳಲ್ಲಿ ಮಹಿಳಾ ಭೂವಿಜ್ಞಾನಿಗಳು ಇದ್ದೇ ಇದ್ದಾರೆ. ನಿಮ್ಮ ವಿಭಾಗದಲ್ಲೇ ಓದಿದವರೊಬ್ಬರು ಬಂದು ತಾಯಂದಿರ ಜೊತೆ ಹತ್ತು ನಿಮಿಷ ಮಾತಾಡಿದರೆ ನಿಮ್ಮ ಒಂದು ಗಂಟೆಯ ಭಾಷಣಕ್ಕಿಂತ ಅದು ನಾಟುತ್ತದೆ.

ಹಣದ ಮಾತನ್ನು ಹಾಳೆಯಲ್ಲಿ ಬರೆದೇ ಕೊಡಿ: ವರ್ಷದ ಶುಲ್ಕ, ಪ್ರವಾಸದ ಖರ್ಚು, ಹಾಸ್ಟೆಲ್, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕಬೇಕಾದ ಅರ್ಜಿ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲ. ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನದ ವಿಷಯಪಟ್ಟಿಯಲ್ಲಿ ಭೂವಿಜ್ಞಾನ ಸೇರಿದೆ, ವರ್ಷಕ್ಕೆ 80,000 ರೂಪಾಯಿಯದು. ಮುಖ್ಯವಾಗಿ ಬೋರ್ಡ್ ಪರೀಕ್ಷೆಯ ಮೇಲಿನ ಶೇ. 1ರಷ್ಟು ಮಕ್ಕಳಿಗೆ. ಆಯಾ ವರ್ಷದ ಅಧಿಸೂಚನೆ ನೋಡಿದ ಮೇಲೆಯೇ ಭರವಸೆ ಕೊಡಿ.

ಏಪ್ರಿಲ್‌ನಿಂದ ಜುಲೈ

ಪಿಯು ಫಲಿತಾಂಶ ಬಂದ ಮೊದಲ ಎರಡು ವಾರ ವಿಭಾಗದ ಒಂದು ಫೋನನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರಾದರೂ ಎತ್ತುವಂತೆ ಪಾಳಿ ಹಾಕಿ. ನವೆಂಬರ್‌ನ ಪಟ್ಟಿಯವರಿಗೆ ನೀವೇ ಒಂದು ಸಲ ಫೋನ್ ಮಾಡಿ, ಎರಡನೇ ಸಲ ಬೇಡ, ಕಾಟ ಅನ್ನಿಸುತ್ತದೆ. ಪ್ರವೇಶದ ಕೌಂಟರ್‌ನಲ್ಲಿ ಕೂರುವ ಗುಮಾಸ್ತರಿಗೂ ಸಂಯೋಜನೆಯ ಹಾಳೆ ಕೊಡಿ. "ಅದು ಬೇಡ, ಕೆಮಿಸ್ಟ್ರಿ ತಗೋ" ಎಂಬ ಅವರ ಒಂದು ಮಾತಿಗೆ ನಿಮ್ಮ ಆರು ತಿಂಗಳ ಕೆಲಸ ಹೋಗಬಹುದು.

ಸೇರಿದವರಲ್ಲಿ ಕೆಲವರು ಸಿಇಟಿ ಸೀಟು ಹಂಚಿಕೆಯಾದ ಮೇಲೆ ಬಿಟ್ಟು ಹೋಗುತ್ತಾರೆ. ಅದಕ್ಕೆ ಬೇಸರಪಡದೆ ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಮೂವತ್ತು ಜನ ಬೇಕಿದ್ದರೆ ನಲವತ್ತು ಪ್ರವೇಶಕ್ಕೆ ಅವಕಾಶ ಕೇಳಿ. ಸಂಯೋಜನೆ ಬದಲಿಸಿಕೊಳ್ಳಲು ವಿಶ್ವವಿದ್ಯಾಲಯ ಕೊಡುವ ಗಡುವನ್ನು ವಿಭಾಗದ ಬಾಗಿಲಿಗೆ ಅಂಟಿಸಿ. ಬೇರೆ ವಿಷಯಕ್ಕೆ ಸೇರಿ ಮನಸ್ಸು ಬದಲಿಸಿದವರು ಬರುವುದು ಆ ಕೆಲವು ದಿನಗಳಲ್ಲೇ.

ಮೊದಲ ಅರವತ್ತು ದಿನ

ಮೊದಲ ಸೆಮಿಸ್ಟರಿನಲ್ಲಿ ಸ್ಫಟಿಕಶಾಸ್ತ್ರದ ಅಕ್ಷ, ಸಂಕೇತಗಳಿಂದ ಪಾಠ ಶುರುವಾದರೆ ಮಕ್ಕಳು ಹೆದರುತ್ತಾರೆ. ಪಠ್ಯಕ್ರಮ ಬದಲಿಸಲಾಗದಿದ್ದರೂ ಕ್ರಮ ನಿಮ್ಮ ಕೈಯಲ್ಲಿದೆ. ಮೊದಲ ವಾರವೇ ಅವರನ್ನು ಧ್ರುವೀಕರಣ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ. ತಮ್ಮೂರಿನದೇ ನೈಸ್ ಅನ್ನು 0.03 ಮಿ.ಮೀ. ತೆಳುವಾಗಿಸಿದ ಸ್ಲೈಡ್ ಇಡಿ. ಕಂದು ಬಣ್ಣದ ಬಯೊಟೈಟ್ ಎಂಬ ಖನಿಜ, ಸ್ಲೈಡ್ ಇಟ್ಟ ವೇದಿಕೆ ತಿರುಗಿಸಿದಂತೆ ಗಾಢವಾಗಿ, ಮತ್ತೆ ತಿಳಿಯಾಗಿ ಬದಲಾಗುವುದನ್ನು ಅವರೇ ತಿರುಗಿಸಿ ನೋಡಲಿ. ಮೇಲಿನ ಪೋಲರಾಯ್ಡ್ ಸೇರಿಸಿದೊಡನೆ ಪ್ಲೇಜಿಯೋಕ್ಲೇಸ್ ಎಂಬ ಇನ್ನೊಂದು ಖನಿಜದಲ್ಲಿ ಕಪ್ಪು ಬಿಳಿ ಗೆರೆಗಳು ಮೂಡುತ್ತವೆ. ಒಬ್ಬೊಬ್ಬರಿಗೆ ಕನಿಷ್ಠ ಐದು ನಿಮಿಷ ಸಿಗಬೇಕು. ಒಂದೇ ಯಂತ್ರವಿದ್ದರೆ ತರಗತಿಯನ್ನು ಆರಾರು ಜನರ ತಂಡ ಮಾಡಿ ವಾರವಿಡೀ ಹಂಚಿ.

ಅರವತ್ತನೇ ದಿನದೊಳಗೆ ಎರಡು ಕೆಲಸ ಮುಗಿದಿರಬೇಕು: ಒಂದು ದಿನದ ಪ್ರವಾಸ, ಮತ್ತು ಪ್ರತಿ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷದ ಮಾತು. ಆ ಮಾತಿನಲ್ಲಿ "ಈ ವಿಷಯದ ಹೆಸರು ಮೊದಲು ಕೇಳಿದ್ದು ಯಾರಿಂದ?" ಎಂದು ಕೇಳಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಡಿ. ಬಿಟ್ಟು ಹೋಗುವವರು ಟಿ.ಸಿ.ಗೆ ಬಂದಾಗ ಅವರನ್ನೂ ಕೂರಿಸಿ ಕಾರಣ ಕೇಳಿ, ಅದನ್ನೂ ಅದೇ ಪುಟದಲ್ಲಿ ಬರೆಯಿರಿ. ಬರುವ ಆಗಸ್ಟ್‌ನಲ್ಲಿ ಎಂಟು ಕಾಲೇಜುಗಳನ್ನು ಆರಿಸುವಾಗ ಆ ಪುಟ ಮೇಜಿನ ಮೇಲೆ ತೆರೆದಿರಲಿ.